ಊಟದ ಚೀಟಿಯ ಬೆನ್ನ ಹಿಂದೆ

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆ ಬಂದ ಬಟ್ಟೆಯ ಉದ್ದ ಅಳೆಯುವವರನ್ನು ಹಾಸ್ಯ ಮಾಡುವ ಮಾತಿದು. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಮೊಳ ಹಾಕುವುದು ದಿನನಿತ್ಯದ ಕೆಲಸ. ರೊಕ್ಕ ಕೊಟ್ಟು ಕೊಂಡ ಸೀರೆ ಒಂದು ಗೇಣು ಕಡಿಮೆ ಬಂದರೆ ಮರುದಿನವೇ ಅದು ಅಂಗಡಿಯ ಗಾದಿಯ ಮೇಲೆ ಬಂದು ಬೀಳುತ್ತದೆ. ಅದೇ ಸೀರೆ ಉಡುಗೊರೆಯಾಗಿ ಬಂದರೆ? ಯಾರೂ ಅಳೆಯುವುದಿಲ್ಲ, ಅಳೆದರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಟ್ಟವರ ಮನಸ್ಸು ನೋಯಬಾರದೆಂಬ ದಾಕ್ಷಿಣ್ಯ.

ಈ ಒಳ್ಳೆಯ ಗುಣದ ಮೇಲೆ ಕಣ್ಣಿಟ್ಟು ನಡೆಯುವ ವ್ಯಾಪಾರವೊಂದು ಈಗ ನಮ್ಮ ಸೀಮೆಗೂ ಬಂದಿದೆ. ಅದೇ ಹೋಟೆಲು, ರೆಸ್ಟೋರೆಂಟುಗಳ ಗಿಫ್ಟ್ ವೋಚರ್. ಮದುವೆಯ ವಾರ್ಷಿಕೋತ್ಸವ, ಮಕ್ಕಳ ಪಾಸಾದ ಸಂಭ್ರಮ, ನಿವೃತ್ತಿಯ ಬೀಳ್ಕೊಡುಗೆ ಎಲ್ಲದಕ್ಕೂ ಈಗ ಗೋಡೆ ಗಡಿಯಾರ, ಸ್ಟೀಲ್ ಡಬ್ಬಿಗಳ ಬದಲು ಬಣ್ಣದ ಲಕೋಟೆಯಲ್ಲಿ ಒಂದು ಚೀಟಿ. ಕೆಲವೊಮ್ಮೆ ಅದೂ ಇಲ್ಲ. ಮೊಬೈಲಿಗೆ ಬರುವ ಹದಿನಾರು ಅಂಕಿಗಳ ಒಂದು ಸಂಖ್ಯೆ. ‘ಇಬ್ಬರೂ ಹೋಗಿ ಚೆನ್ನಾಗಿ ಊಟ ಮಾಡಿ ಬನ್ನಿ’ ಎಂಬ ಹಾರೈಕೆ ಅದರ ಮುಖದ ಮೇಲಿರುತ್ತದೆ. ಬೆನ್ನ ಮೇಲೆ ಏನಿರುತ್ತದೆ ಎಂಬುದೇ ಈ ವಾರದ ವಿಷಯ.

ನಮ್ಮ ಸಹೋದ್ಯೋಗಿಯೊಬ್ಬರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಕಲಿಸಿ ನಿವೃತ್ತರಾದರು. ಶಾಲೆಯ ಹೊಸ ತಲೆಮಾರಿನ ಶಿಕ್ಷಕರು ಹಣ ಕೂಡಿಸಿ ಎರಡು ಸಾವಿರ ರೂಪಾಯಿಯ ಊಟದ ವೋಚರ್ ಕೊಟ್ಟರು. ಹೋಟೆಲು ಹುಬ್ಬಳ್ಳಿಯದು, ಅವರ ಮಗಳು ಇರುವುದೂ ಅಲ್ಲಿಯೇ. ಒಂದು ಭಾನುವಾರ ಗಂಡ-ಹೆಂಡತಿ ಹೊಸ ಬಟ್ಟೆ ಉಟ್ಟು ಹೋದರು. ಕುಳಿತು, ನೀರು ಕುಡಿದು, ಊಟಕ್ಕೆ ಹೇಳುವ ಮೊದಲು ಚೀಟಿ ತೋರಿಸಿದರು. ಮ್ಯಾನೇಜರ್ ಅದನ್ನು ತಿರುಗಿಸಿ ನೋಡಿ, ‘ಇದು ಸೋಮವಾರದಿಂದ ಗುರುವಾರದ ತನಕ ಅಷ್ಟೇ ನಡೀತೈತ್ರಿ, ಹಿಂದ ಬರದೈತಲ್ರಿ’ ಎಂದ. ಹಿಂದೆ ಬರೆದದ್ದು ನಿಜ. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನ ಗಾತ್ರದ ಅಕ್ಷರಗಳಲ್ಲಿ. ‘ನಡೀರಿ, ಯಾರೋ ಪ್ರೀತೀಲೆ ಕೊಟ್ಟಾರ, ಅದಕ್ಕ ಜಗಳ ಯಾಕ’ ಎಂದು ಮನೆಯವರು ಎಬ್ಬಿಸಿಕೊಂಡು ಬಂದರು.

ಎರಡನೆಯ ಸಲ ಬುಧವಾರವೇ ಹೋದರು. ಆದರೆ ಅದು ನವರಾತ್ರಿಯ ವಾರ. ‘ಹಬ್ಬದ ದಿನಗಳಿಗೆ ಅನ್ವಯಿಸುವುದಿಲ್ಲ’ ಎಂಬ ಇನ್ನೊಂದು ಸಾಲು ಚೀಟಿಯ ಬೆನ್ನ ಮೇಲಿತ್ತು. ಮೂರನೆಯ ಸಲ ಜಾಣರಾಗಿ ಮೊದಲೇ ಫೋನ್ ಮಾಡಿದರು. ಮೂರು ತಿಂಗಳ ಅವಧಿ ಮುಗಿದು ನಾಲ್ಕು ದಿನವಾಗಿತ್ತು. ಹೋಟೆಲಿನವರು ವೋಚರ್ ಮಾರಿದ ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು ಹೋಟೆಲನ್ನು ಕೇಳಿ ಎಂದರು. ನಮ್ಮ ಹುಡುಗರು ಆಟದ ತಾಸಿನಲ್ಲಿ ಚೆಂಡನ್ನು ಒದೆಯುವ ಹಾಗೆ.

ಇದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಹೋದ ಎರಡು ಸಾವಿರವಲ್ಲ. ಕೆಲವು ದಿನಗಳ ನಂತರ ಹಣ ಕೂಡಿಸಿದ್ದ ಹುಡುಗರು ದಾರಿಯಲ್ಲಿ ಸಿಕ್ಕು, ‘ಸರ್, ಊಟ ಹೆಂಗಿತ್ರಿ?’ ಎಂದು ಕೇಳಿದರು. ನಮ್ಮ ಗಣಿತದ ಮೇಷ್ಟ್ರು, ಜೀವಮಾನದಲ್ಲಿ ಒಂದು ಅಂಕ ಹೆಚ್ಚು ಹಾಕದವರು, ‘ಭಾಳ ಚಲೋ ಇತ್ತಪ್ಪಾ’ ಎಂದರು. ಅಲ್ಲಿಗೆ ಪ್ರಕರಣ ಮುಗಿಯಿತು. ಕೊಟ್ಟವರಿಗೆ ಮೋಸ ಗೊತ್ತಾಗಲಿಲ್ಲ. ಆದ್ದರಿಂದ ಅವರು ಮುಂದಿನ ನಿವೃತ್ತಿಗೂ ಅದೇ ವೋಚರ್ ಕೊಳ್ಳುತ್ತಾರೆ.

ವೋಚರಿನ ವ್ಯಾಪಾರಕ್ಕೂ ಉಳಿದ ವ್ಯಾಪಾರಕ್ಕೂ ಇರುವ ವ್ಯತ್ಯಾಸ ಇದು. ಬದನೆಕಾಯಿ ಕೊಳ್ಳುವವನೇ ಮನೆಗೆ ಒಯ್ದು ತಿನ್ನುತ್ತಾನೆ. ಹುಳುಕಿದ್ದರೆ ಸಂತೆಗೆ ಬಂದು ಕೇಳುತ್ತಾನೆ. ವೋಚರಿನಲ್ಲಿ ಹಣ ಕೊಡುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ಕೊಡುವವರು ಷರತ್ತು ಓದುವುದಿಲ್ಲ, ಏಕೆಂದರೆ ಅವರು ಉಣ್ಣುವುದಿಲ್ಲ. ಉಣ್ಣುವವರು ದೂರುವುದಿಲ್ಲ, ಏಕೆಂದರೆ ಅವರು ಹಣ ಕೊಟ್ಟಿಲ್ಲ. ಈ ಇಬ್ಬರ ನಡುವಿನ ಸಂದಿಯಲ್ಲಿ ಸಣ್ಣ ಅಕ್ಷರಗಳು ಆರಾಮಾಗಿ ವಾಸಿಸುತ್ತವೆ.

ಗಣಿತದ ಮೇಷ್ಟ್ರ ಚೀಟಿಗೆ ಗಣಿತವನ್ನೇ ಹಚ್ಚಿ ನೋಡೋಣ. ಮೂರು ತಿಂಗಳೆಂದರೆ ಹದಿಮೂರು ವಾರ, 91 ದಿನ. ಸೋಮವಾರದಿಂದ ಗುರುವಾರವೆಂದರೆ ವಾರಕ್ಕೆ ನಾಲ್ಕು ದಿನ, ಒಟ್ಟು 52. ಅದರಲ್ಲಿ ಹಬ್ಬದ ದಿನಗಳೆಂದು ಹತ್ತು ಕಳೆದರೆ ಉಳಿದದ್ದು 42. ಅಂದರೆ ಮೂರು ತಿಂಗಳೆಂದು ಮುಖದ ಮೇಲೆ ಹೇಳಿದ ಚೀಟಿ ನಿಜವಾಗಿ ಬದುಕಿರುವುದು ಒಂದೂವರೆ ತಿಂಗಳಿಗಿಂತ ಕಡಿಮೆ. ಸೀರೆಯ ಭಾಷೆಯಲ್ಲಿ ಹೇಳುವುದಾದರೆ, ಅರ್ಧಕ್ಕಿಂತ ಹೆಚ್ಚು ಬಟ್ಟೆಯನ್ನು ಕತ್ತರಿಸಿಕೊಂಡು ಮಡಿಕೆ ಮಾತ್ರ ಪೂರ್ತಿ ಕಾಣುವಂತೆ ಇಟ್ಟಿದ್ದಾರೆ.

ಹಾಗಾದರೆ ಹೋಟೆಲಿನವರು ಷರತ್ತೇ ಹಾಕಬಾರದೇ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಮಂಗಳವಾರ ಖಾಲಿ ಉಳಿದ ಕುರ್ಚಿಯನ್ನು ಭಾನುವಾರಕ್ಕೆ ಎತ್ತಿಟ್ಟು ಮಾರಲು ಬರುವುದಿಲ್ಲ. ಜನರಿಲ್ಲದ ದಿನಕ್ಕೆ ಜನರನ್ನು ಕರೆಯಲು ಅವರು ವೋಚರ್ ಮಾಡಿದರೆ ಅದು ವ್ಯಾಪಾರದ ಜಾಣತನ. ತಕರಾರು ಇರುವುದು ಬೇರೆ ಕಡೆ.

ಹತ್ತನೆಯ ತರಗತಿಯ ಮಕ್ಕಳಿಗೆ ಓಮ್‌ನ ನಿಯಮ ಕಲಿಸುವಾಗ ‘ತಾಪವು ಸ್ಥಿರವಾಗಿದ್ದಾಗ’ ಎಂಬ ಮಾತನ್ನು ಬಿಟ್ಟು ಬರೆದರೆ ನಾವು ಅಂಕ ಕಳೆಯುತ್ತೇವೆ. ಹುಕ್‌ನ ನಿಯಮಕ್ಕೆ ‘ಸ್ಥಿತಿಸ್ಥಾಪಕ ಮಿತಿಯೊಳಗೆ’ ಎಂಬ ಮಾತು ಇರಲೇಬೇಕು. ಪ್ರಕೃತಿಯ ನಿಯಮಗಳಿಗೂ ಷರತ್ತುಗಳಿವೆ. ಆದರೆ ಅವುಗಳನ್ನು ನಿಯಮದ ವಾಕ್ಯದಲ್ಲೇ, ಅದೇ ಅಕ್ಷರದಲ್ಲೇ ಹೇಳುತ್ತೇವೆ. ನಿಯಮವನ್ನು ಪುಸ್ತಕದ ಮುಖಪುಟದಲ್ಲಿ, ಷರತ್ತನ್ನು ಕೊನೆಯ ರಟ್ಟಿನ ಒಳಬದಿಯಲ್ಲಿ ಬರೆದ ಪಠ್ಯಪುಸ್ತಕವನ್ನು ಯಾರೂ ಒಪ್ಪುವುದಿಲ್ಲ. ಷರತ್ತು ಇರುವುದು ತಪ್ಪಲ್ಲ. ಮಾತಿನ ಜೊತೆಗೇ ಷರತ್ತನ್ನು ಹೇಳದಿರುವುದು ತಪ್ಪು.

ಮುಂಗಡ ಹಣ ತೆಗೆದುಕೊಂಡು ಊಟ ಹಾಕುವುದು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಜಮಖಂಡಿ, ಮುಧೋಳ, ಬೀಳಗಿಗಳ ಖಾನಾವಳಿಗಳಲ್ಲಿ ಪರಊರಿನಿಂದ ಬಂದ ಬ್ಯಾಂಕಿನವರು, ಮಾಸ್ತರರು, ಕಾಲೇಜಿನ ಹುಡುಗರು ತಿಂಗಳ ಲೆಕ್ಕದಲ್ಲಿ ಉಂಡು ದೊಡ್ಡವರಾಗಿದ್ದಾರೆ. ಅಲ್ಲಿಯೂ ಷರತ್ತುಗಳಿದ್ದವು. ‘ರಾತ್ರಿ ಒಂಬತ್ತರೊಳಗ ಬರ್ರಿ. ಅಮಾಸಿ ದಿನ ಬಂದ್ ಇರತೈತಿ. ಊರಿಗೆ ಹೊಂಟ್ರ ಮುಂಜಾನೆನ ಹೇಳ್ರಿ, ಆ ಊಟ ಮುಂದಿನ ತಿಂಗಳಕ್ಕ ಹಿಡಿತೀನಿ. ಹೇಳದ ಹೋದ್ರ ಲೆಕ್ಕಕ್ಕ ಬಂತು’ ಎಂದು ಖಾನಾವಳಿಯ ಅಕ್ಕಾರು ಹಣ ಎಣಿಸಿಕೊಳ್ಳುವ ಮೊದಲೇ ಹೇಳುತ್ತಿದ್ದರು. ರೊಟ್ಟಿ ಎಷ್ಟು, ಅನ್ನ ಎಷ್ಟು, ಹೋಳಿಗೆ ಯಾವತ್ತು ಎಲ್ಲವೂ ಬಾಯಿಮಾತಿನಲ್ಲೇ ಇತ್ಯರ್ಥ. ಜಗಳಗಳು ಆಗುತ್ತಿರಲಿಲ್ಲವೆಂದಲ್ಲ. ಆದರೆ ಜಗಳವಾಡಲು ಎದುರಿಗೆ ಒಬ್ಬ ಮನುಷ್ಯರಿರುತ್ತಿದ್ದರು, ‘ಕಂಪನಿ ರೂಲ್ ಸರ್’ ಎಂಬ ಉತ್ತರವಿರಲಿಲ್ಲ.

ಹಣವನ್ನು ಮೊದಲೇ ಪಡೆದು ಊಟ ಹಾಕದೆ ಉಳಿದರೆ ಆ ಹಣ ಏನಾಗುತ್ತದೆ? ವ್ಯಾಪಾರದ ಪರಿಭಾಷೆಯಲ್ಲಿ ಅದಕ್ಕೆ ‘ಬ್ರೇಕೇಜ್’ ಎನ್ನುತ್ತಾರೆ. ನಮ್ಮ ದೇಶದಲ್ಲಿ 2018ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದಲ್ಲಿ, ಗ್ರಾಹಕರು ಬಳಸದೆ ಬಿಟ್ಟ ಹಕ್ಕಿನ ಹಣವನ್ನು ಕಂಪನಿ ಹೇಗೆ ಆದಾಯವಾಗಿ ತೋರಿಸಬೇಕೆಂಬ ಕ್ರಮವೂ ಇದೆ. ನಾವು ಮರೆಯುವುದು, ನಾಚುವುದು, ‘ಹೋಗ್ಲಿ ಬಿಡು’ ಎನ್ನುವುದು ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿ ಜಮಾ ಆಗುತ್ತದೆ.

ವೋಚರ್ ಎಂದರೆ ನಿಜವಾಗಿ ಏನು ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆಯೂ ಬಂದಿದೆ. ಸೊಡೆಕ್ಸೊ ಕಂಪನಿಯ ಊಟದ ಕೂಪನ್ನುಗಳಿಗೆ ಮಹಾರಾಷ್ಟ್ರದಲ್ಲಿ ಸ್ಥಳೀಯ ತೆರಿಗೆ ಹಾಕಹೊರಟಾಗ, ಅವು ಮಾರಾಟದ ‘ಸರಕು’ ಅಲ್ಲವೆಂದು 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಕಂಪನಿಯ ಜಿಎಸ್‌ಟಿ ಪ್ರಕರಣದಲ್ಲಿ, ವೋಚರಿಗೆ ತನ್ನದೇ ಆದ ಬೆಲೆಯಿಲ್ಲ, ಅದು ಹಣದ ಬದಲಿಗೆ ನಿಂತ ಸಾಧನ ಎಂಬ ನಿಲುವು ತಾಳಿತು. ಇವೆರಡೂ ತೆರಿಗೆಯ ವ್ಯಾಜ್ಯಗಳು. ಆದರೆ ಸಾಮಾನ್ಯರಿಗೆ ತಿಳಿಯಬೇಕಾದದ್ದು ಅವುಗಳಲ್ಲಿದೆ. ಚೀಟಿ ಹೋಟೆಲಿನವರು ಮಾಡುವ ಧರ್ಮವಲ್ಲ. ಅದು ಆಗಲೇ ಸಂದಾಯವಾದ ಹಣದ ಗುರುತು. ಗಾದೆಯ ದಟ್ಟಿ ಕೊಟ್ಟ ಪುಣ್ಯಾತ್ಮರು ನಿಮ್ಮ ಗೆಳೆಯರು. ಮೊಳ ಕಡಿಮೆ ಮಾಡಿದವರು ಬೇರೆಯವರು. ಅವರ ಮುಂದೆ ಮೊಳ ಹಾಕಲು ನಾಚಬೇಕಾದ್ದಿಲ್ಲ.

ಹೊರದೇಶಗಳಲ್ಲಿ ಇದಕ್ಕೆ ನೇರ ಕಾನೂನುಗಳಾಗಿವೆ. ಅಮೆರಿಕದಲ್ಲಿ 2009ರಲ್ಲಿ ಆದ ಕಾಯಿದೆಯಂತೆ ಗಿಫ್ಟ್ ಕಾರ್ಡಿನ ಹಣ ಐದು ವರ್ಷಕ್ಕೆ ಮೊದಲು ಮುಗಿದುಹೋಗುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 2019ರ ನವೆಂಬರಿನಿಂದ ಕನಿಷ್ಠ ಮೂರು ವರ್ಷ, ಐರ್ಲೆಂಡಿನಲ್ಲಿ ಅದೇ ವರ್ಷದ ಡಿಸೆಂಬರಿನಿಂದ ಐದು ವರ್ಷ. ನಮ್ಮಲ್ಲಿ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಮುಂಗಡ ಹಣ ತುಂಬಿದ ಕಾರ್ಡು, ವ್ಯಾಲೆಟ್ಟುಗಳಿಗೆ ಕನಿಷ್ಠ ಒಂದು ವರ್ಷದ ಅವಧಿ ಇರಬೇಕೆಂದಿತು. ಆದರೆ ಒಂದು ಹೋಟೆಲು ತನ್ನಲ್ಲಿ ಮಾತ್ರ ನಡೆಯುವಂತೆ ಕೊಡುವ ಚೀಟಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಅದು ಆ ನಿರ್ದೇಶನದ ಬಲೆಗೆ ಸಿಗುವುದಿಲ್ಲ. ಈ ತೂತಿನಲ್ಲೇ ಮೂರು ತಿಂಗಳ ಚೀಟಿಗಳು ನುಸುಳುತ್ತವೆ.

ಹಾಗೆಂದು ಗ್ರಾಹಕ ಪೂರ್ತಿ ಬರಿಗೈಯವನಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ ಬಂದ 2019ರ ಕಾಯಿದೆ, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಮಾತಿದೆ. ಹಣ ಕೊಟ್ಟವರಷ್ಟೇ ಗ್ರಾಹಕರಲ್ಲ. ಅವರ ಒಪ್ಪಿಗೆಯಿಂದ ಸೇವೆಯ ಲಾಭ ಪಡೆಯುವವರೂ ಗ್ರಾಹಕರೇ. ಅಂದರೆ ವೋಚರನ್ನು ಉಡುಗೊರೆಯಾಗಿ ಪಡೆದ ನಮ್ಮ ಮೇಷ್ಟ್ರಿಗೂ ಕೇಳುವ ಹಕ್ಕಿದೆ. ‘ನೀವು ಕೊಂಡಿಲ್ಲವಲ್ಲ’ ಎಂಬ ಉತ್ತರ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಸಣ್ಣ ಅಕ್ಷರದ ಬಗೆಗೂ ನಿಯಮವಿದೆ. ತಪ್ಪುದಾರಿಗೆಳೆಯುವ ಜಾಹೀರಾತು ತಡೆಯಲು 2022ರ ಜೂನಿನಲ್ಲಿ ಹೊರಟ ಮಾರ್ಗಸೂಚಿಯಂತೆ, ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರದಲ್ಲಿ, ಎದ್ದು ಕಾಣುವ ಜಾಗದಲ್ಲಿ ಇರಬೇಕು. ಮುಖ್ಯವಾದ ಸಂಗತಿಯನ್ನು ಅದು ಮುಚ್ಚಿಡುವಂತಿಲ್ಲ. ‘ಇಬ್ಬರ ಭರ್ಜರಿ ಊಟ’ ಎಂದು ಕನ್ನಡದಲ್ಲಿ ಫಲಕ ಹಾಕಿ, ‘ಹಬ್ಬಕ್ಕಿಲ್ಲ, ಭಾನುವಾರಕ್ಕಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಅಡಗಿಸಿದರೆ ಅದು ಬರೀ ಅಸಭ್ಯತೆಯಲ್ಲ, ನಿಯಮದ ಉಲ್ಲಂಘನೆ.

‘ಬರೆದದ್ದನ್ನು ಓದದಿರುವುದು ನಿಮ್ಮ ತಪ್ಪು’ ಎಂಬ ವಾದ ಹಳೆಯದು. ಅದಕ್ಕೆ ಉತ್ತರವೂ ಹಳೆಯದೇ. 1960ರ ದಶಕದಲ್ಲಿ ಮದ್ರಾಸಿನ ‘ಲಿಲ್ಲಿ ವೈಟ್’ ಲಾಂಡ್ರಿಗೆ ತೊಳೆಯಲು ಕೊಟ್ಟ ಹೊಸ ಸೀರೆಯೊಂದು ಕಳೆದುಹೋಯಿತು. ಬಟ್ಟೆ ಕಳೆದರೆ ಮಾರುಕಟ್ಟೆ ಬೆಲೆಯ ಶೇಕಡಾ 15ರಷ್ಟು ಮಾತ್ರ ಕೊಡುತ್ತೇವೆ ಎಂದು ರಸೀದಿಯ ಹಿಂದೆ ಅಚ್ಚಾಗಿತ್ತು. ಇಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧ, ಅದನ್ನು ಜಾರಿಗೆ ತರಲಾಗದು ಎಂದು ಮದ್ರಾಸ್ ಹೈಕೋರ್ಟ್ ತೀರ್ಪು ಕೊಟ್ಟಿತು. ಅಚ್ಚಾದದ್ದೆಲ್ಲ ಕಾನೂನಲ್ಲ ಎಂಬ ಪಾಠ ಆಗಿನಿಂದಲೂ ನಮ್ಮ ಮುಂದಿದೆ.

ಇನ್ನು ವೋಚರಿನ ಹೊರತಾಗಿ ಬಿಲ್ಲಿಗೆ ತಾನಾಗಿ ಸೇರುವ ‘ಸರ್ವಿಸ್ ಚಾರ್ಜ್’. ಇದನ್ನು ಬಲವಂತವಾಗಿ ವಸೂಲಿ ಮಾಡಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲುಗಳ ಸಂಘಗಳು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ತೆರಿಗೆ ಬೇರೆ, ಸರ್ವಿಸ್ ಚಾರ್ಜ್ ಬೇರೆ. ತೆರಿಗೆ ಕೊಡಲೇಬೇಕು; ಎರಡನೆಯದು ನಿಮ್ಮ ಖುಷಿ.

ವೋಚರ್ ಕೊಳ್ಳುವ ಮೊದಲು ಐದು ಪ್ರಶ್ನೆ ಕೇಳಿದರೆ ಅರ್ಧ ತಾಪತ್ರಯ ತಪ್ಪುತ್ತದೆ. ಯಾವ ತಾರೀಖಿನ ತನಕ ನಡೆಯುತ್ತದೆ? ವಾರದ ಯಾವ ದಿನ, ಯಾವ ಹಬ್ಬಕ್ಕೆ ನಡೆಯುವುದಿಲ್ಲ? ಯಾವ ಊಟಕ್ಕೆ, ಯಾವ ಶಾಖೆಯಲ್ಲಿ? ಬಿಲ್ಲು ಕಡಿಮೆಯಾದರೆ ಉಳಿದ ಹಣ ಏನಾಗುತ್ತದೆ? ತಕರಾರು ಬಂದರೆ ಹೊಣೆ ಹೋಟೆಲಿನದೋ, ಮಾರಿದವರದೋ? ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿ, ಸಹಿ ಹಾಕಿಸಿ. ಬರೆದುಕೊಡಲು ಹಿಂಜರಿದರೆ ಆ ಹಣಕ್ಕೆ ಒಂದು ಒಳ್ಳೆಯ ಪುಸ್ತಕವೋ, ಬನಹಟ್ಟಿಯ ಸೀರೆಯೋ ಬರುತ್ತದೆ. ಕೊಂಡ ರಸೀದಿಯನ್ನು ಲಕೋಟೆಯಲ್ಲೇ ಇಡಿ. ಉಡುಗೊರೆಯ ಬೆಲೆ ಕಾಣಬಾರದೆಂಬ ಸಂಕೋಚ ವೋಚರಿಗೆ ಹೊಂದುವುದಿಲ್ಲ. ಬೆಲೆ ಅದರ ಹಣೆಯ ಮೇಲೆಯೇ ಇದೆ.

ಮೋಸವಾದ ಮೇಲೆ ಏನು ಮಾಡಬೇಕು? ಮೊದಲು, ತಟ್ಟೆ ತರುವ ಹುಡುಗನ ಮೇಲೆ ಸಿಟ್ಟು ಹಾಕಬೇಡಿ. ಅವನು ನಿಮ್ಮೂರಿನವನೇ ಇರಬಹುದು, ನಮ್ಮ ಶಾಲೆಯಲ್ಲಿ ಓದಿದವನೇ ಇರಬಹುದು. ಷರತ್ತು ಬರೆದವನು ಅವನಲ್ಲ. ‘ಈ ಚೀಟಿ ಇಂದು ನಡೆಯುವುದಿಲ್ಲ’ ಎಂದು ಮ್ಯಾನೇಜರಿಂದ ಬರವಣಿಗೆಯಲ್ಲಿ ಕೇಳಿ. ಚೀಟಿಯ ಎರಡೂ ಬದಿಯ ಫೋಟೋ ತೆಗೆದಿಡಿ. ನಂತರ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಹುಬ್ಬಳ್ಳಿಯ ಹೋಟೆಲೆಂದು ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯಿದೆ ಅವಕಾಶ ಕೊಟ್ಟಿದೆ. ನಮ್ಮ ನಾಲ್ಕೂ ಊರಿನವರಿಗೆ ಬಾಗಲಕೋಟೆ ಸಾಕು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಟ್ಟರಾಯಿತು.

‘ಎರಡು ಸಾವಿರಕ್ಕೆ ಯಾರು ಅಲೆಯುತ್ತಾರೆ?’ ಎಂದು ಕೇಳುವವರಿದ್ದಾರೆ. ಸರಿಯೇ. ಆದರೆ ಒಂದು ಕೆಲಸಕ್ಕೆ ಖರ್ಚೂ ಇಲ್ಲ, ಅಲೆದಾಟವೂ ಇಲ್ಲ. ಉಡುಗೊರೆ ಕೊಟ್ಟವರಿಗೆ ನಿಜ ಹೇಳುವುದು. ‘ನಿಮ್ಮ ಪ್ರೀತಿ ಮುಟ್ಟಿತು, ಊಟ ಮಾತ್ರ ಮುಟ್ಟಲಿಲ್ಲ’ ಎಂದರೆ ಯಾರೂ ಮುನಿಯುವುದಿಲ್ಲ. ಅವರೇ ಹೋಗಿ ಕೇಳುತ್ತಾರೆ. ಮುಂದಿನ ಸಲ ಎಚ್ಚರವಾಗುತ್ತಾರೆ.

ನಮ್ಮ ಊರುಗಳ ಹೋಟೆಲು ಮಾಲೀಕರಿಗೂ ಒಂದು ವಿನಂತಿ. ಕಬ್ಬಿನ ತೂಕದ ಚೀಟಿ, ನೇಕಾರರ ಕೂಲಿಯ ಚೀಟಿ, ಸೊಸೈಟಿಯ ಸಾಲದ ಚೀಟಿ ಹೀಗೆ ಕಾಗದದ ಮೇಲೆ ನಂಬಿಕೆಯಿಟ್ಟು ಬದುಕುವ ಸೀಮೆ ನಮ್ಮದು. ನೀವೂ ಊಟದ ಚೀಟಿ ಅಚ್ಚು ಹಾಕಿಸುವುದಾದರೆ ಮುಂಭಾಗದಲ್ಲೇ ಮೂರು ಸಾಲು ಕನ್ನಡ ಹಾಕಿಸಿ: ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ, ಯಾರನ್ನು ಕೇಳಬೇಕು. ಅಚ್ಚುಕೂಟದವರು ಇದಕ್ಕೆ ಹೆಚ್ಚಿನ ದುಡ್ಡು ಕೇಳುವುದಿಲ್ಲ.